ವಿಧೇಯನ ಅರ್ಜಿ ಫೋನಿಗೂ ಬಂತು



ಯಂತ್ರ ಬದಲಾದರೆ ಮಾತಿನ ರೀತಿಯೂ ತಾನಾಗಿ ಬದಲಾಗುತ್ತದೆ ಅಂತ ಭಾಷಣ ಬಿಗಿಯುವವರಿದ್ದಾರೆ. ಕೈಬರಹ ಹೋಯಿತು, ಟೈಪು ಬಂತು, ಜೆರಾಕ್ಸ್ ಬಂತು, ಈಗ ಎಲ್ಲರ ಜೇಬಲ್ಲೂ ಫೋನಿದೆ, ಇನ್ನೇನು ಬಡವನಿಗೂ ಬಾಯಿ ಬಂತು ಅನ್ನುತ್ತಾರೆ. ಇದು ಶುದ್ಧ ಸುಳ್ಳು. ಬೇರೆಲ್ಲಾ ಬಿಡಿ, ನಾವು ನೀವು ದಿನಾ ಬರೆಯೋ ಅರ್ಜಿಯನ್ನೇ ತಗೊಂಡು ನೋಡೋಣ.

ಅರ್ಜಿ ಅನ್ನೋ ಪದ ಪಾರಸಿ ದರ್ಬಾರಿನಿಂದ ಇಳಿದು ಬಂದದ್ದು. ಮೊಗಲರ ಕಾಲದಲ್ಲಿ ಕೆಳಗಿನವನು ಮೇಲಿನವನಿಗೆ ಬರೆದರೆ ಅದು 'ಅರ್ಜ್‌ದಾಸ್ತ್'. ಬಾದಶಹ ಕೆಳಗಿನವನಿಗೆ ಬರೆಸಿದರೆ 'ಫರ್ಮಾನು'. ಒಳಗೆ ಏನಿದೆ ಅಂತ ಓದೋದಕ್ಕೂ ಮೊದಲೇ ಯಾರು ಬಗ್ಗಬೇಕು, ಯಾರು ಕೂರಬೇಕು ಅನ್ನೋದನ್ನ ಕಾಗದದ ಹೆಸರೇ ತೀರ್ಮಾನ ಮಾಡಿಬಿಡುತ್ತಿತ್ತು. ಇಂಗ್ಲಿಷರು ಬಂದಾಗ ಅವರ ಅರ್ಜಿಗೂ ಇಂಥದ್ದೇ ಬಾಲವಿತ್ತು: ತಮ್ಮ ದೀನ ಅರ್ಜಿದಾರನು ತಮಗಾಗಿ ಸದಾ ಪ್ರಾರ್ಥಿಸುತ್ತಿರುತ್ತಾನೆ ಅಂತ. 1950ರಲ್ಲಿ ಸಂವಿಧಾನ ಜಾರಿಗೆ ಬಂತು. ಬಾಲ ಮಾತ್ರ ಉದುರಲಿಲ್ಲ. ಒಂದು ದಿನದ ರಜಾ ಚೀಟಿಗೂ 'ತಮ್ಮ ವಿಧೇಯ ವಿದ್ಯಾರ್ಥಿ' ಅಂತ ಮಕ್ಕಳ ಕೈಲಿ ಬರೆಸಿದರು. ಅಪ್ಪ ಗೌಡರ ಮನೆ ಅಂಗಳದಲ್ಲಿ ಟವಲು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತ. ಮಗ ಅದೇ ಟವಲನ್ನ ಬಿಳಿ ಹಾಳೆ ಮೇಲೆ ಹಾಸಿದ, ಅಷ್ಟೆ.

ಈಗ ಫೋನಿಗೆ ಬನ್ನಿ. ಹಾಸ್ಟೆಲಿನ ವಾಟ್ಸಾಪ್ ಗುಂಪು ತೆಗೆದು ನೋಡಿ. ಎಷ್ಟೋ ಕಡೆ 'ಅಡ್ಮಿನ್ ಮಾತ್ರ ಬರೆಯಬಹುದು' ಅಂತ ಬೀಗ. 2018ರಿಂದ ಈ ಅನುಕೂಲ ಕೊಟ್ಟಿದ್ದಾರೆ. ಯಾರಿಗೆ ಅನುಕೂಲ? ಕಛೇರಿಯ ಸುತ್ತೋಲೆ ಗೋಡೆ ಬಿಟ್ಟು ಫೋನಿಗೆ ಬಂದು ಕೂತಿದೆ, ಇದು ಫರ್ಮಾನೇ. ಇನ್ನು ಬಾಯಿ ತೆರೆದಿರೋ ಗುಂಪಲ್ಲಿ ನಮ್ಮ ಹುಡುಗ ಏನು ಬರೀತಾನೆ? 'ಸರ್ ಪ್ಲೀಸ್ ಸರ್, ನೀರು ಬರ್ತಿಲ್ಲ ಸರ್.' ಕೊನೆಗೆ ಕೈಮುಗಿದ ಚಿತ್ರ, ಒಂದಲ್ಲ ಮೂರು. 'ವಿಧೇಯ' ಅಂತ ಬರೆಯೋ ಕಷ್ಟವನ್ನೂ ಕಂಪನಿಯವರು ತಪ್ಪಿಸಿದ್ದಾರೆ, ಒಂದು ಬೆರಳು ಒತ್ತಿದರೆ ಸಾಕು!

ಹಾಗಾದರೆ ಬರಹದ ರೀತಿ ಬದಲಾಗೋದೇ ಇಲ್ಲವೇ? ಬದಲಾಗುತ್ತದೆ. ಯಾರಿಗೆ ಬರೆಯುತ್ತೇವೆ ಅನ್ನೋದು ಬದಲಾದಾಗ. 1910ರಲ್ಲಿ ಪುಣೆಯ ಶಿವರಾಮ ಜಾನಬಾ ಕಾಂಬಳೆ ಅವರು ಮಹಾರರನ್ನು ಮತ್ತೆ ಸೈನ್ಯಕ್ಕೆ ಸೇರಿಸಿಕೊಳ್ಳಿ ಅಂತ ಲಂಡನ್ನಿನ ಭಾರತ ಮಂತ್ರಿಗೆ ಅರ್ಜಿ ಕಳಿಸಿದರು. ಹತ್ತು ವರ್ಷ ಕಳೆದು, 1920ರ ಜನವರಿ 31ರಂದು ಅಂಬೇಡ್ಕರ್ 'ಮೂಕನಾಯಕ' ಪತ್ರಿಕೆ ತಂದರು. ಕಾಂಬಳೆಯವರ ಅರ್ಜಿ ಸಣ್ಣ ಕೆಲಸವಲ್ಲ, ಆ ಕಾಲಕ್ಕೆ ಅದಕ್ಕೂ ಎದೆ ಬೇಕಿತ್ತು. ಆದರೆ ಅರ್ಜಿಯ ಮುಖ ಮಂತ್ರಿಯ ಕಡೆಗೆ, ಪತ್ರಿಕೆಯ ಮುಖ ನಮ್ಮ ಜನರ ಕಡೆಗೆ. ಅಚ್ಚಿನ ಯಂತ್ರ 1556ರಲ್ಲೇ ಗೋವಾಕ್ಕೆ ಬಂದಿತ್ತು ಸ್ವಾಮಿ. ಯಂತ್ರವೇ ಬಾಯಿ ಕೊಡೋದಾಗಿದ್ದರೆ ಮುನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಅದೇನು ಮಾಡುತ್ತಿತ್ತು?

ಸೈಕ್ಲೋಸ್ಟೈಲೂ ಹಾಗೇ. 1880ರ ದಶಕದ ಈ ಯಂತ್ರ ಹೆಚ್ಚಾಗಿ ದುಡಿದದ್ದು ಆಫೀಸುಗಳ ನಕಲು ಕೆಲಸಕ್ಕೆ. ತುರ್ತುಪರಿಸ್ಥಿತಿಯಲ್ಲಿ, 1975ರಿಂದ 77ರವರೆಗೆ, ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟಿದಾಗ ಅದೇ ಸ್ಟೆನ್ಸಿಲು, ಅದೇ ಮಸಿ ಕಳ್ಳ ಕರಪತ್ರವಾಯಿತು. ತಿರುಗಿಸುವ ಕೈ ಬೇರೆಯಾಗಿತ್ತು.

ಅರ್ಜಿಯ ಬೆನ್ನು ನೆಟ್ಟಗಾದ ಕತೆ ಇನ್ನೂ ಚೆನ್ನಾಗಿದೆ. ರಾಜಸ್ಥಾನದ ಕೋಟ್ ಕಿರಾಣಾ ಅನ್ನೋ ಹಳ್ಳಿಯಲ್ಲಿ 1994ರ ಡಿಸೆಂಬರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನಸುನವಾಯಿ ಸೇರಿಸಿದರು. ಕಪಾಟಿನಲ್ಲಿ ಮಲಗಿದ್ದ ಕೂಲಿ ಹಾಜರಿ ಪಟ್ಟಿಯನ್ನ ಊರ ಮುಂದೆ ಗಟ್ಟಿಯಾಗಿ ಓದಿದರು. ಕೆಲಸಕ್ಕೇ ಹೋಗದವರ ಹೆಸರಲ್ಲಿ ಕೂಲಿ! ಕಾಗದದಲ್ಲಿ ಮುಚ್ಚಿಟ್ಟದ್ದು ಬಾಯಿಗೆ ಬಂದ ಕೂಡಲೇ ಸಾಕ್ಷಿಯಾಯಿತು, ಓದು ಬಾರದವರೂ ಲೆಕ್ಕ ತಪಾಸಣೆ ಮಾಡಿದರು. ಇಂಥ ಹೋರಾಟಗಳ ಒತ್ತಡದಿಂದಲೇ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಅದರ 6ನೇ ಕಲಮಿನ 2ನೇ ಉಪಕಲಮು ಓದಿ. ಯಾಕೆ ಬೇಕು ಅಂತ ಅರ್ಜಿದಾರ ಕಾರಣ ಹೇಳಬೇಕಾಗಿಲ್ಲ. ಅರ್ಜ್‌ದಾಸ್ತಿನ ಕಾಲದಿಂದ ಬಂದ ಗೋಳು, ಕಷ್ಟಸುಖ, ಕೃಪೆ, ಎಲ್ಲಾ ಒಂದೇ ಏಟಿಗೆ ಬಿತ್ತು. ಮೂವತ್ತು ದಿನದೊಳಗೆ ಉತ್ತರ ಕೊಡೋದು ಅಧಿಕಾರಿಯ ಕೆಲಸ, ಬೇಡೋದು ನಮ್ಮ ಕೆಲಸವಲ್ಲ.

ಬಗ್ಗಿಸಿ ರೂಢಿಯಾದವರು ಸುಮ್ಮನಿರುತ್ತಾರೆಯೇ? ಕರ್ನಾಟಕ ಸರ್ಕಾರ 2008ರಲ್ಲಿ ನಿಯಮ ಸೇರಿಸಿತು: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಆನ್‌ಲೈನ್ ಫಾರಂಗಳದ್ದು ಇನ್ನೊಂದು ಉಪಾಯ. ದೂರಿನ ಬಗೆಗಳನ್ನ ಅವರೇ ಪಟ್ಟಿ ಮಾಡಿರುತ್ತಾರೆ, ನಮ್ಮ ದೂರು ಅದರಲ್ಲಿ ಇಲ್ಲದಿದ್ದರೆ 'ಇತರೆ' ಅಂತ ಒತ್ತಬೇಕು. ಊರಲ್ಲೂ ನಾವು ಇತರೆ, ಫಾರಮಿನಲ್ಲೂ ಇತರೆ.

150 ಪದ ಇರಲಿ ಬಿಡಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ. ಬಡತನದ ರೇಖೆಗಿಂತ ಕೆಳಗಿನವರಿಗೆ ಅದೂ ಬೇಡ, ಕಾರ್ಡಿನ ನಕಲು ಸಾಕು. ದಿನಾಂಕ ಹಾಕಿ, ಸ್ವೀಕೃತಿ ಮುದ್ರೆ ಹೊಡೆಸಿಕೊಳ್ಳಿ. 'ಕಳೆದ ಮೂರು ತಿಂಗಳ ಆಹಾರ ದಾಸ್ತಾನು ವಹಿಯ ನಕಲು ಕೊಡಿ.' ಎಂಟು ಪದ ಆಯಿತು. ಕೆಳಗೆ ನಿಮ್ಮ ಹೆಸರು, ವಿಳಾಸ, ಸಹಿ.