ಫ್ಲೋರಾ ಫೌಂಟನ್ ಮೇಲಿನ ಆರೋಪಗಳಿಗೆ ಉತ್ತರ

ಡೊಂಬಿವಲಿ ಲೋಕಲ್‌ನಲ್ಲಿ ಮುಂಬಯಿಯ ಫೋರ್ಟ್ ಕಡೆ ಹೋಗುವ ನಮ್ಮ ಕನ್ನಡಿಗರಲ್ಲೇ ಕೆಲವರಿಗೆ ಅಲ್ಲಿನ ಫ್ಲೋರಾ ಫೌಂಟನ್ ಕಾರಂಜಿ ಕಂಡರಾಗದು. ಅವರ ಮಾತುಗಳನ್ನು ಅವರು ಹೇಳಿದಂತೆಯೇ ಇಡುತ್ತೇನೆ, ತೀರ್ಪು ಓದುಗರದು.

"ಅದು ಬ್ರಿಟಿಷರ ಗುರುತು, ಅದಕ್ಕೆ ದುಡ್ಡು ಸುರಿಯುವುದೇಕೆ?" ಮೇಲೆ ನಿಂತವಳು ರಾಣಿಯಲ್ಲ, ರೋಮನ್ನರ ಹೂವಿನ ದೇವತೆ ಫ್ಲೋರಾ. 1864ರ ಈ ಕಾರಂಜಿಯ ಹಿಂದೆ ಇದ್ದದ್ದು ಕೃಷಿ-ತೋಟಗಾರಿಕಾ ಸಂಘ, ಖರ್ಚಿನ ದೊಡ್ಡ ಪಾಲು ಪಾರ್ಸಿ ದಾನಿ ಕರ್ಸೇಟ್‌ಜಿ ಫರ್ದೂನ್‌ಜಿ ಪಾರೇಖ್ ಅವರದು. ನಕ್ಷೆ ನಾರ್ಮನ್ ಶಾ ಅವರದು, ಕೆತ್ತಿದವರು ಜೇಮ್ಸ್ ಫೋರ್ಸಿತ್, ಕಲ್ಲು ಇಂಗ್ಲೆಂಡಿನದು, ಒಪ್ಪಿದೆ. ಹಾಗಾದರೆ ಇದೇ ಮಂದಿ ದಿನವೂ ಇಳಿಯುವ ಸಿಎಸ್‌ಎಂಟಿ ರೈಲು ನಿಲ್ದಾಣ ಯಾರದು? ಅದರ ಗುಮ್ಮಟದ ತುದಿಯಲ್ಲಿ ಪಂಜು ಹಿಡಿದು ನಿಂತವಳೂ ವಿದೇಶಿ ಕಲ್ಪನೆಯ ಹೆಣ್ಣೇ. 2004ರಲ್ಲಿ ಆ ನಿಲ್ದಾಣ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದನ್ನು ಹೆಮ್ಮೆಯಿಂದ ಹೇಳುವವರು ಹತ್ತು ನಿಮಿಷದ ನಡಿಗೆಯಲ್ಲಿ ನಿಯಮ ಬದಲಿಸುತ್ತಾರೆ.

"ಹುತಾತ್ಮರ ಚೌಕದಲ್ಲಿ ಅದಿರುವುದು ಅವಮಾನ" ಎನ್ನುವುದು ಹೆಚ್ಚು ಗಂಭೀರವಾದ ಆಕ್ಷೇಪ. 1955ರ ನವೆಂಬರ್ 21ರಂದು ಅಲ್ಲಿ ಪೊಲೀಸರ ಗುಂಡಿಗೆ ಬಲಿಯಾದವರು ಮರಾಠಿ ಭಾಷೆಯ ರಾಜ್ಯ ಕೇಳಿದ್ದರು. ಏಕೀಕರಣಕ್ಕಾಗಿ ಹೋರಾಡಿದ ಕನ್ನಡಿಗರಿಗೆ ಆ ಹಂಬಲ ಗೊತ್ತು. ಆದರೆ ಸ್ಮಾರಕ ಕಟ್ಟಿದವರೇನು ಮಾಡಿದರು? ಪಂಜು ಹಿಡಿದ ರೈತ-ಕಾರ್ಮಿಕರ ಪ್ರತಿಮೆಯನ್ನು ಕಾರಂಜಿಯ ಪಕ್ಕದಲ್ಲೇ ನಿಲ್ಲಿಸಿದರು. 1965ರಲ್ಲಿ ಕಾಳಾ ಘೋಡಾದ ಇಂಗ್ಲಿಷ್ ರಾಜಕುಮಾರನ ಪ್ರತಿಮೆಯನ್ನು ತೆಗೆದದ್ದು ಈ ನಗರವೇ. ಅದೇ ನಗರ ಫ್ಲೋರಾಳನ್ನು ಉಳಿಸಿಕೊಂಡಿತು. ಹೋರಾಡಿದವರಿಗೆ ಕಾಣದ ಅವಮಾನ ಇವರಿಗೆ ಕಂಡದ್ದು ಹೇಗೆ?

"ನೀರು ಪೋಲು." ಕಾರಂಜಿಯ ಪಂಪು ತೊಟ್ಟಿಯ ನೀರನ್ನೇ ಮತ್ತೆ ಮತ್ತೆ ಮೇಲೆತ್ತುತ್ತದೆ. ಇಷ್ಟು ಸಾಕು.

"ಠಾಣೆ, ಕಲ್ಯಾಣದವರಿಗೆ ಅದರ ಗೊಡವೆ ಏಕೆ?" ಈ ಮಾತು ನನಗೆ ನೋವು ತರುತ್ತದೆ. ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಫೋರ್ಟಿನ ರಾತ್ರಿಶಾಲೆಯಲ್ಲಿ ಕನ್ನಡದಲ್ಲಿ ಓದಿದ ಹುಡುಗರು ಆ ಕಾರಂಜಿಯ ಸುತ್ತಲೇ ಬೆಳೆದರು. ಅಲ್ಲಿನ ಫುಟ್‌ಪಾತಿನಲ್ಲಿ ಹಳೆಯ ಪಠ್ಯಪುಸ್ತಕ ಕೊಂಡರು. ಬ್ಯಾಂಕಿನ ಕೆಲಸ ಸಿಕ್ಕಿ, ಸಂಸಾರವಾಗಿ, ಡೊಂಬಿವಲಿಯಲ್ಲಿ ಒಂದು ಕೋಣೆಯ ಮನೆ ಹಿಡಿದವರು ಇವರೇ. ಅವರ ಮಕ್ಕಳು ಕಾರಂಜಿ ಯಾರದೆಂದು ಕೇಳುತ್ತಾರೆ!

ದುರಸ್ತಿ ವ್ಯರ್ಥವೆಂದವರು ಹಿಂದಿನ ಸ್ಥಿತಿಯನ್ನು ಮರೆತಿದ್ದಾರೆ: ಕೆತ್ತನೆಯ ಮೇಲೆ ಪದರ ಪದರವಾಗಿ ಬಿಳಿ ಎಣ್ಣೆಬಣ್ಣ, ಒಣಗಿದ ತೊಟ್ಟಿಗಳು. ಬಣ್ಣ ಕಳಚಿ, ಕಲ್ಲು ಹೊರಬಂದು, 2019ರ ಜನವರಿಯಲ್ಲಿ ನೀರು ಮತ್ತೆ ಚಿಮ್ಮಿತು. ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ. ಪಕ್ಕದ ಹುತಾತ್ಮ ಸ್ಮಾರಕದ ಮುಂದೆಯೂ ತಲೆಬಾಗಿ ಬನ್ನಿ.