ಒಪ್ಪಿಗೆ ಬೇಕಾ? ಕನ್ನಡದಲ್ಲಿ ಕೇಳಿ!



"ಪ್ರೈವೆಸಿ ಅಂತ ಬಾಯಲ್ಲಿ ಹೇಳ್ತಾರೆ, ಪಾಸ್‌ಪೋರ್ಟ್ ಕಾಪಿ ಮಾತ್ರ ಸಿಕ್ಕಸಿಕ್ಕೋರಿಗೆ ಕಳಿಸ್ತಾರೆ. ನಮ್ಮ ಜನಕ್ಕೆ ಬುದ್ಧಿಯಿಲ್ಲ" ಅನ್ನೋ ಮಾತನ್ನು ನೀವೂ ಕೇಳಿರ್ತೀರಿ. ನಾನಂತೂ ಇದನ್ನು ಒಪ್ಪಲ್ಲ.

ಮಸ್ಕತ್‌ನಿಂದ ಪಶ್ಚಿಮಕ್ಕಿರೋ ಈ ಬರ್ಕಾದಲ್ಲಿ ನಾನು ಕಾಣೋದೇ ಬೇರೆ. ಊರಿಗೆ ಹಣ ಕಳಿಸೋ ಆಪ್ ಬೇಕಂದ್ರೆ ರೆಸಿಡೆಂಟ್ ಕಾರ್ಡಿನ ಫೋಟೋ ಕೊಡಬೇಕು. ಕೆಲಸ ಬೇಕಂದ್ರೆ ಮುಖವನ್ನೇ ನೋಡದ ಏಜೆಂಟನಿಗೆ ಪಾಸ್‌ಪೋರ್ಟ್ ವಾಟ್ಸಾಪ್ ಮಾಡಬೇಕು. ಕೊಡದಿದ್ರೆ ಈ ತಿಂಗಳೇ ಮನೆಗೆ ದುಡ್ಡು ಹೋಗಲ್ಲ. ಕೊಟ್ಟರೆ ಆಗೋ ನಷ್ಟ ಎಂದೋ, ಎಲ್ಲೋ, ಕಣ್ಣಿಗೆ ಕಾಣದ್ದು. ಹಾಗಾಗಿ ಜನ ಕೊಡ್ತಾರೆ. ಇದು ದಡ್ಡತನವಲ್ಲ, ಲೆಕ್ಕಾಚಾರ.

ಆದ್ರೆ ಆ ಲೆಕ್ಕಕ್ಕೆ ಬೇಕಾದ ಮಾಹಿತಿ ಯಾವ ನುಡಿಯಲ್ಲಿದೆ? ಪುಟಗಟ್ಟಲೆ ಇಂಗ್ಲಿಷ್, ಕೊನೆಯಲ್ಲೊಂದು "ಐ ಅಗ್ರೀ" ಗುಂಡಿ! ಓದಲು ಬಾರದವನ ಹೆಬ್ಬೆಟ್ಟನ್ನು ಸಾಲಪತ್ರಕ್ಕೆ ಒತ್ತಿಸಿಕೊಳ್ತಿದ್ದ ಸಾಹುಕಾರನಿಗೂ ಇದಕ್ಕೂ ಏನು ವ್ಯತ್ಯಾಸ? ಇಂಗ್ಲಿಷ್ ಬಲ್ಲ ಇಂಜಿನಿಯರುಗಳೂ ಓದಲ್ಲವಲ್ಲ ಅಂತೀರಾ? ನಿಜ. ಓದಬಲ್ಲವನು ಓದದಿರೋದು ಅವನ ಆಯ್ಕೆ. ಓದಲಾಗದವನಿಗೆ ಆಯ್ಕೆಯೇ ಇಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮ ನಾಡಿನ ಹಿರಿಯರೊಬ್ಬರು ಗೆದ್ದುಕೊಟ್ಟ ಹಕ್ಕಿದು! ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗುತ್ತೆ. ಒಪ್ಪಿಗೆ ಕೇಳೋ ಸಂಸ್ಥೆ ತನ್ನ ಸೂಚನೆಯನ್ನು ಇಂಗ್ಲಿಷಿನಲ್ಲೋ, 8ನೇ ಅನುಸೂಚಿಯ ಯಾವುದೇ ನುಡಿಯಲ್ಲೋ ಓದುವ ಆಯ್ಕೆ ಕೊಡಬೇಕು. ಆ 22 ನುಡಿಗಳಲ್ಲಿ ಕನ್ನಡವೂ ಒಂದು. ಇದರ ನಿಯಮಗಳು ಪ್ರಕಟವಾಗಿದ್ದು 2025ರ ನವೆಂಬರಿನಲ್ಲಿ. ಸಂಸ್ಥೆಗಳಿಗೆ ಸಿಕ್ಕಿದ್ದು 18 ತಿಂಗಳ ಗಡುವು.

ಒಮಾನಿನಲ್ಲೂ 2022ರ 6ನೇ ರಾಜಾಜ್ಞೆಯ ದತ್ತಾಂಶ ಕಾನೂನು 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಆದ್ರೆ ಇಲ್ಲಿನವರಿಂದ ಕನ್ನಡ ನಿರೀಕ್ಷಿಸೋದು ನ್ಯಾಯವಲ್ಲ. ನಿರೀಕ್ಷಿಸಬೇಕಾದ್ದು ನಮ್ಮ ಎನ್.ಆರ್.ಐ. ಖಾತೆಯಿರೋ, ಊರಲ್ಲಿ ಅಪ್ಪ-ಅಮ್ಮ ಬಳಸೋ ಭಾರತದ ಬ್ಯಾಂಕು, ವಿಮೆ, ಆಪುಗಳಿಂದ. ಕಾನೂನಿದ್ದರೂ ಗಿರಾಕಿ ಕೇಳದಿದ್ರೆ ಹಿಂದಿ-ಇಂಗ್ಲಿಷಿನಲ್ಲೇ ಮುಗಿಸಿಬಿಡೋದು ಇವರ ಹಳೇ ಚಾಳಿ.

ಇವತ್ತೇ ನಿಮ್ಮ ಬ್ಯಾಂಕಿಗೊಂದು ಮಿಂಚೆ ಬರೆಯಿರಿ. "ನನ್ನ ಯಾವ ಮಾಹಿತಿ, ಯಾಕೆ ಬೇಕು, ಒಪ್ಪಿಗೆ ಹಿಂಪಡೆಯೋದು ಹೇಗೆ, ಇಷ್ಟನ್ನು ಕನ್ನಡದಲ್ಲಿ ತಿಳಿಸಿ" ಅಂತ ಕೇಳಿ. ಬಂದ ಉತ್ತರವನ್ನು ಬಳಗದ ಜೊತೆ ಹಂಚಿಕೊಳ್ಳಿ. ಖಾತೆ ನಂಬರ್ ಅಳಿಸೋದು ಮರೀಬೇಡಿ!

ಏನಂತೀರಾ?

- ಬರ್ಕಾದಿಂದ ನಿಮ್ಮ ಗೆಳೆಯ