ಕಾಲಿನ ಜೋಮಿಗೆ ಚೀಟಿ ಯಾವಾಗ?

ಬಾರ್ಕೂರಿನಲ್ಲಿ ಬಸ್ಸು ಹತ್ತುವಾಗ ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದವರು ಇರಬಹುದು. ಕೇಳಿದರೆ, "ಜೋಮು ಮಾರಾಯ್ರೆ, ಎಣ್ಣೆ ತಿಕ್ಕಿದ್ರೆ ಹೋಗ್ತದೆ" ಎಂಬ ಉತ್ತರ. ಎಣ್ಣೆಗೆ ಹೋಗುವ ಜೋಮಲ್ಲ ಇದು. ಸಕ್ಕರೆ ಕಾಯಿಲೆ ಪಾದದ ನರ ತಿಂದರೆ ಮುಳ್ಳು ಚುಚ್ಚಿದ್ದೂ ತಿಳಿಯದು, ಹುಣ್ಣಾದ ಮೇಲೆಯೇ ಬುದ್ಧಿ. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಕುಷ್ಠದ ಸಂಶಯ. ಅದಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಔಷಧ ಪುಕ್ಕಟೆ. ಆದರೆ ಸೋತ ನರ ಚೇತರಿಸಬೇಕಾದರೆ 6 ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು. ಇನ್ನು ಎರಡೂ ಕಾಲು ನಾಲ್ಕು ದಿನದಲ್ಲಿ ಸೋತು, ಸೋಲು ಮೇಲೇರುತ್ತಿದ್ದರೆ ಚೀಟಿ-ಗೀಟಿ ಕಾಯದೆ ಅದೇ ದಿನ ದೊಡ್ಡಾಸ್ಪತ್ರೆಗೆ! ಉಸಿರಿಗೇ ಸಂಚಕಾರ ಬಂದೀತು. 2025ರಲ್ಲಿ ಪುಣೆಯಲ್ಲಿ ಹಬ್ಬಿದ ಗಿಯಾನ್-ಬಾರೆ ಇಂಥದೇ.

ತುರ್ತಲ್ಲದವರಿಗೆ ಮಾತ್ರ ಚೀಟಿಯೇ ದಾರಿ. 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಖಾಸಗಿ ಆಸ್ಪತ್ರೆಗೆ ಹೋಗಲು ಸರಕಾರಿ ವೈದ್ಯರ ಶಿಫಾರಸು ಬೇಕು. ನರರೋಗ ತಜ್ಞರಿರುವ ಮಣಿಪಾಲವೇನು ಕಾಶಿಯೇ? ಉಡುಪಿ ದಾಟಿದರೆ ಸಿಕ್ಕಿತು. ತಡವಾಗುವುದು ಇಲ್ಲಿ, ಕಾಲು ಮುಟ್ಟಿ ನೋಡದೆ ವಿಟಮಿನ್ ಗುಳಿಗೆ ಬರೆದು ಕಳಿಸುವಲ್ಲಿ. ಪಾದಕ್ಕೆ ಹತ್ತಿ ತಾಗಿಸಿ ನೋಡಲು ಎರಡು ನಿಮಿಷ ಸಾಕು. ಅದನ್ನು ನೋಡಿ, ಜೋಮು ಎಂದಿನಿಂದ, ಸಕ್ಕರೆ ಎಷ್ಟು ಎಂದು ಚೀಟಿಯಲ್ಲೇ ಬರೆದು ಕೊಡಲಿ. ಬರೆಯದಿದ್ದರೆ ರೋಗಿಯೇ ಕೇಳಲಿ, ನಾಚಿಕೆ ಬೇಡ.